ಗಾಜಿನ ಬೆನ್ನು

ಹೊಸದಾಗಿ ಕೊಂಡು ತಂದ ವಸ್ತುವಿನ ಮೈಮೇಲೆ ಮೊದಲನೆಯ ಗೀರು ಬಿದ್ದಾಗ ಮನಸ್ಸಿಗೆ ಆಗುವ ನೋವನ್ನು ಕ್ಷುದ್ರವೆಂದು ತಳ್ಳಿಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ. ದುಡಿದು ಕೂಡಿಟ್ಟ ಹಣದಿಂದ ಕೊಂಡ ಪದಾರ್ಥವೊಂದು, ಯಾರ ದುರ್ಬುದ್ಧಿಯೂ ಇಲ್ಲದೆ, ಯಾವ ಅವಘಡವೂ ನಡೆಯದೆ, ಇದ್ದ ಎಡೆಯಲ್ಲಿ ಇದ್ದುಕೊಂಡೇ ಗಾಯಗೊಂಡಿತೆಂದರೆ, ಅದರ ಒಡೆಯನಿಗೆ ವ್ಯಥೆಯಾಗುವುದೂ, ವ್ಯಥೆಯ ಹಿಂದೆಯೇ ಕಾರಣವನ್ನು ಅರಸಬೇಕೆಂಬ ಹಂಬಲ ಹುಟ್ಟುವುದೂ ಮನುಷ್ಯಸಹಜವಾದದ್ದೇ. ಈಗಿನ ಕಾಲದಲ್ಲಿ ಈ ವ್ಯಥೆಯನ್ನು ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಹಂಚುತ್ತಿರುವ ವಸ್ತುವೆಂದರೆ ಗಾಜಿನ ಬೆನ್ನುಳ್ಳ ಮೊಬೈಲ್ ಫೋನು. ಅದರ ಮುಖವನ್ನು ನಾವು ಎಷ್ಟೋ ಎಚ್ಚರಿಕೆಯಿಂದ ಕಾಪಾಡಿಕೊಳ್ಳುತ್ತೇವೆ. ಕೆಳಗಿಡುವಾಗ ಮುಖವನ್ನು ಮೇಲೆ ಮಾಡಿಯೇ ಇಡುತ್ತೇವೆ. ಆ ಎಚ್ಚರಿಕೆಯ ಭಾರವೆಲ್ಲ ಬೆನ್ನಿನ ಮೇಲೆ ಬೀಳುತ್ತದೆ.

ನಮ್ಮ ಅಕ್ಕನ ಮಗ ಕೆಲಸಕ್ಕೆ ಸೇರಿದ ವರ್ಷ ಅಂಥದೊಂದು ಫೋನನ್ನು ಕೊಂಡ. ಕಡುನೀಲಿಯ ಬಣ್ಣ; ಬೆಳಕಿಗೆ ಹಿಡಿದರೆ ಬಾವಿಯ ನೀರಿನ ಆಳ ಕಂಡಂತಾಗುತ್ತಿತ್ತು. ಒಂದು ವಾರವೂ ತುಂಬಿರಲಿಲ್ಲ, ಸಂಜೆಯ ಇಳಿಬಿಸಿಲು ಓರೆಯಾಗಿ ಬಿದ್ದಾಗ ಆ ನೀಲಿಯ ನಡುವೆ ಕೂದಲೆಳೆಯಂಥ ಬಿಳಿಯ ಗೆರೆಯೊಂದು ಕಾಣಿಸಿತು. ಹುಡುಗ ನನ್ನೆದುರು ಬಂದು ನಿಂತು, "ಮಾವ, ಬೀಗದ ಕೈ ಇರೋ ಜೇಬಿಗೆ ಇದನ್ನ ಹಾಕಲೇ ಇಲ್ಲ, ಚಿಲ್ಲರೆ ಇರೋ ಜೇಬಿಗೂ ಹಾಕಲಿಲ್ಲ. ಬರೀ ಜಗಲಿ ಮೇಲೆ ಇಟ್ಟಿದ್ದೆ ಅಷ್ಟೆ" ಎಂದ. ಅಕ್ಕ ಒಳಗಿನಿಂದಲೇ, "ಮೆತ್ತಗೆ ಇಟ್ಟಿದ್ರೆ ಯಾಕಪ್ಪ ಗೀರು ಬೀಳತ್ತೆ" ಎಂದಳು. ಅವನ ಮುಖ ಇನ್ನಷ್ಟು ಬಾಡಿತು. ತಾನು ಮಾಡದ ತಪ್ಪಿಗೆ ತಪ್ಪಿತಸ್ಥನಾಗಿ ನಿಂತ ಆ ಹುಡುಗನ ಪರವಾಗಿ ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡಬೇಕೆಂದು ನನಗೆ ಅಂದೇ ಅನ್ನಿಸಿತು.

ಜರ್ಮನಿಯ ಖನಿಜಶಾಸ್ತ್ರಜ್ಞನಾದ ಫ್ರೀಡ್ರಿಕ್ ಮೋಸ್ ಎಂಬಾತನು 1812ರಲ್ಲಿ ಲೋಕದ ಖನಿಜಗಳನ್ನು ಅವುಗಳ ಕಾಠಿಣ್ಯಕ್ಕೆ ಅನುಸಾರವಾಗಿ ಹತ್ತು ಮೆಟ್ಟಿಲುಗಳಲ್ಲಿ ನಿಲ್ಲಿಸಿದನು. ಅವನ ನಿಯಮ ಅತ್ಯಂತ ಸರಳವಾದದ್ದು: ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀರುತ್ತದೆ, ಕೆಳಗಿನದು ಮೇಲಿನದನ್ನು ಗೀರಲಾರದು. ಮೊದಲನೆಯ ಮೆಟ್ಟಿಲಿನಲ್ಲಿರುವ ಟಾಲ್ಕ್ ಎಂಬ ಖನಿಜವು ಬಳಪದ ಕಲ್ಲಿಗೆ ಅದರ ನುಣುಪನ್ನೂ ಮಾರ್ದವವನ್ನೂ ಕೊಡತಕ್ಕದ್ದು; ಬೇಲೂರು ಹಳೇಬೀಡುಗಳ ಶಿಲ್ಪಿಗಳು ಮದನಿಕೆಯ ಕೊರಳ ಹಾರವನ್ನು ಮಣಿಮಣಿಯಾಗಿ ಬಿಡಿಸಲು ಸಾಧ್ಯವಾದದ್ದು ಅಂಥ ಮೃದುವಾದ ಶಿಲೆಯ ಔದಾರ್ಯದಿಂದ. ಹತ್ತನೆಯ ಮೆಟ್ಟಿಲಿನಲ್ಲಿ ವಜ್ರ, ಒಂಬತ್ತನೆಯದರಲ್ಲಿ ಮಾಣಿಕ್ಯ ನೀಲಗಳ ಜಾತಿಯದಾದ ಕುರುವಿಂದ, ಏಳನೆಯದರಲ್ಲಿ ಬೆಣಚುಕಲ್ಲು. ನಮ್ಮ ಉಗುರು ಎರಡೂವರೆಯ ಸಮೀಪದಲ್ಲಿದೆ. ಹಿತ್ತಾಳೆಯ ಬೀಗದ ಕೈ ಮೂರು ನಾಲ್ಕರ ನಡುವೆ. ಸಾಮಾನ್ಯವಾದ ಉಕ್ಕಿನ ಚಾಕು ಐದೂವರೆಯ ಆಸುಪಾಸು. ಫೋನಿಗೆ ಹಾಕುವ ಗಾಜು ಐದೂವರೆ ಆರರ ಬಳಿ ನಿಲ್ಲುತ್ತದೆ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಹುಡುಗನ ಜೇಬಿನಲ್ಲಿ ಹಿತ್ತಾಳೆಯ ಬೀಗದ ಕೈ ಇದ್ದಿದ್ದರೂ ಅದು ಈ ಗೆರೆಯನ್ನು ಎಳೆಯುವ ಶಕ್ತಿಯುಳ್ಳದ್ದಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಮೃದುವಾದ ಲೋಹವು ಗಾಜಿಗೆ ಉಜ್ಜಿದಾಗ ತನ್ನದೇ ಕಣಗಳನ್ನು ಅದರ ಮೇಲೆ ಬಿಟ್ಟುಹೋಗುವುದುಂಟು. ಅದು ಗೀರಿನಂತೆ ತೋರಿದರೂ ಗಾಜಿಗೆ ಗಾಯವಾಗಿರುವುದಿಲ್ಲ.

ಗಾಯ ಮಾಡಿದ್ದು ಜಗಲಿಯ ಮೇಲಿನ ಧೂಳು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾದ ಬೆಣಚಿನ ಹರಳೊಂದಿದ್ದು, ಅದರ ಮೇಲೆ ಫೋನನ್ನು ಇಟ್ಟು ತುಸುವೇ ಜರುಗಿಸಿದರೂ ಸಾಕು, ಏಳನೆಯ ಮೆಟ್ಟಿಲಿನದು ಆರನೆಯದರ ಮೇಲೆ ತನ್ನ ಹೆಸರನ್ನು ಬರೆದಾಗಿರುತ್ತದೆ.

ಈ ನಾಡಿನಲ್ಲಿ ಬೆಣಚಿಗೇನು ಬರ? ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ನೈಸ್ ಶಿಲೆ; ದಕ್ಷಿಣ ಕರ್ನಾಟಕದ ಬಹುಭಾಗ ಈ ಜಾತಿಯ ಶಿಲೆಯ ಮೇಲೆಯೇ ಕುಳಿತಿದೆ. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಇವು ಮೂರೂ ಕೂಡಿ ಆ ಶಿಲೆ ಆಗಿರುವುದಷ್ಟೆ. ಮಳೆ ಬಿಸಿಲುಗಳಿಗೆ ಸಿಕ್ಕಿ ಬಂಡೆ ಸವೆಯುತ್ತ ಬಂದಂತೆ ಫೆಲ್ಡ್‌ಸ್ಪಾರ್ ಕ್ರಮೇಣ ಜೇಡಿಯಾಗಿ ಕರಗಿಹೋಗುತ್ತದೆ, ಅಭ್ರಕ ಪದರಪದರವಾಗಿ ಉದುರಿಹೋಗುತ್ತದೆ; ಬೆಣಚು ಮಾತ್ರ ಕರಗದೆ, ಕೊಳೆಯದೆ, ಹರಳು ಹರಳಾಗಿ ಉಳಿದು, ಹೊಳೆಯ ಮರಳಾಗಿ, ಹಾದಿಯ ಧೂಳಾಗಿ, ಗಾಳಿಯೊಡನೆ ನಮ್ಮ ಕಿಟಕಿಗಳನ್ನು ಹಾದು ಮನೆಯೊಳಕ್ಕೆ ಬರುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಚಿನ್ನ ಸಿಗುತ್ತಿದ್ದದ್ದೂ ಈ ಬೆಣಚಿನ ಎಳೆಗಳಲ್ಲಿಯೇ. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡಮೇಲೆ ಉಳಿದ ಪುಡಿಯನ್ನು ಸುರಿಯುತ್ತ ಸುರಿಯುತ್ತ ಅಲ್ಲಿ ಗುಡ್ಡಗಳೇ ಎದ್ದವು. 2001ರಲ್ಲಿ ಗಣಿಗಳು ಮುಚ್ಚಿದರೂ ಆ ಸಯನೈಡ್ ಗುಡ್ಡಗಳು ಮುಚ್ಚಲಿಲ್ಲ. ಬೇಸಿಗೆಯ ಗಾಳಿ ಬೀಸಿತೆಂದರೆ ಅವುಗಳ ಧೂಳು ಊರಿನ ಮೇಲೆಲ್ಲ ಕವಿಯುತ್ತದೆ. ಆ ಧೂಳನ್ನು ಉಸಿರಾಡುವ ಜನರ ಎದೆಯ ಕಷ್ಟದ ಮುಂದೆ ಫೋನಿನ ಬೆನ್ನಿನ ಕಷ್ಟವನ್ನು ಕಷ್ಟವೆಂದು ಕರೆಯಲೂ ಮನಸ್ಸು ಹಿಂಜರಿಯುತ್ತದೆ. ಆದರೂ ಇಲ್ಲಿ ನೆನೆಯಲೇಬೇಕಾದ ಒಂದು ಸಂಗತಿಯಿದೆ. ಅದೇ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಬೆಂಗಳೂರಿನಿಂದ ಹೋಗುವ ಹೆದ್ದಾರಿಯ ಮಗ್ಗುಲಿಗೆ, ಈಗ ಗಾಜಿನ ಬೆನ್ನಿನ ಫೋನುಗಳನ್ನು ಜೋಡಿಸುವ ದೊಡ್ಡ ಕಾರ್ಖಾನೆ ನಡೆಯುತ್ತಿದೆ. ಧೂಳಿನ ಕಣವೊಂದು ಕೂಡ ಒಳನುಸುಳದಂತೆ ಗಾಳಿಯನ್ನು ಸೋಸಿ ಇಟ್ಟ ಕೋಣೆಗಳು ಇಂಥ ಕಾರ್ಖಾನೆಗಳಿಗೆ ಬೇಕು. ಅಲ್ಲಿ ಸಿದ್ಧವಾದ ಫೋನು ಪೆಟ್ಟಿಗೆಯಿಂದ ಹೊರಬಿದ್ದ ಗಳಿಗೆಯಿಂದ ಬದುಕಬೇಕಾದದ್ದು ಮಾತ್ರ ಹೊರಗಿನ ಈ ಬೆಣಚಿನ ಸೀಮೆಯಲ್ಲಿ.

ಫೋನಿಗೆ ಗಾಜು ಬಂದದ್ದಾದರೂ ಗೀರಿನ ಭಯದಿಂದಲೇ. 2007ರ ಜನವರಿಯಲ್ಲಿ ಮೊದಲ ಐಫೋನನ್ನು ಲೋಕಕ್ಕೆ ತೋರಿಸಿದಾಗ ಅದರ ಮುಖ ಪ್ಲಾಸ್ಟಿಕ್ಕಿನದಾಗಿತ್ತು. ಜೂನ್ ತಿಂಗಳಲ್ಲಿ ಅಂಗಡಿಗೆ ಬರುವ ಹೊತ್ತಿಗೆ, ಬೀಗದ ಕೈಗಳ ಜೊತೆಯಲ್ಲಿ ಜೇಬಿನಲ್ಲಿದ್ದರೂ ಕೆಡದಿರಲೆಂದು, ಗಾಜಿನದಾಗಿತ್ತು. ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು 1960ರ ದಶಕದಲ್ಲಿಯೇ ರೂಪಿಸಿ, ತಕ್ಕ ಗಿರಾಕಿಯಿಲ್ಲದೆ ಬದಿಗಿಟ್ಟಿದ್ದ ಗಟ್ಟಿಗಾಜಿನ ವಿದ್ಯೆ ಹೀಗೆ ಮರುಹುಟ್ಟು ಪಡೆಯಿತು. ಆ ವಿದ್ಯೆ ನಿಜವಾಗಿಯೂ ಶ್ಲಾಘನೀಯವಾದದ್ದು. ಗಾಜಿನ ತೆಳುಹಲಗೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸಿಟ್ಟರೆ, ಗಾಜಿನ ಮೇಲ್ಪದರದಲ್ಲಿರುವ ಸೋಡಿಯಂ ಅಯಾನುಗಳು ಹೊರಬಂದು, ಅವುಗಳಿಗಿಂತ ದಪ್ಪನಾದ ಪೊಟ್ಯಾಸಿಯಂ ಅಯಾನುಗಳು ಅವುಗಳ ಸ್ಥಾನದಲ್ಲಿ ಹೋಗಿ ಕೂರುತ್ತವೆ. ಕಿರಿದಾದ ಸ್ಥಳದಲ್ಲಿ ಹಿರಿದಾದವು ಸೇರಿದುದರಿಂದ ಮೇಲ್ಪದರವೆಲ್ಲ ಬಿಗಿದುಕೊಂಡು, ಮೈಮೇಲಿನ ಬಿರುಕು ಬಾಯಿ ತೆರೆಯದಂತೆ ಒತ್ತಿ ಹಿಡಿಯುತ್ತದೆ.

ಇಲ್ಲಿಯೇ ಕೊಳ್ಳುವವನಿಗೆ ತಿಳಿಯಬೇಕಾದ, ಆದರೆ ಮಾರುವವರು ಬಾಯಿಬಿಟ್ಟು ಹೇಳದ ಭೇದವೊಂದು ಅಡಗಿರುವುದು. ಒಡೆಯದಿರುವ ಗುಣವೇ ಬೇರೆ, ಗೀರು ಬೀಳದಿರುವ ಗುಣವೇ ಬೇರೆ. ಮೇಲೆ ಹೇಳಿದ ಸಂಸ್ಕಾರವು ಗಾಜನ್ನು ಒಡೆಯದಂತೆ ಬಹುಮಟ್ಟಿಗೆ ಕಾಪಾಡುತ್ತದೆ. ಮೋಸನ ಮೆಟ್ಟಿಲುಗಳಲ್ಲಿ ಅದನ್ನು ಬೆಣಚಿನ ಮೇಲಕ್ಕೆ ಏರಿಸುವುದಿಲ್ಲ. ಗೀರು ನಿರೋಧಕವೆಂದು ಜಾಹೀರಾತಿನಲ್ಲಿ ಓದಿ ಬಂದವನು, ಯಾವುದರ ಗೀರನ್ನು ಎಂದು ಕೇಳಬೇಕಾಗಿತ್ತು. ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಗೀರೆಂದರೆ ಅಂದಗೇಡು ಮಾತ್ರವೆಂದು ತಿಳಿಯುವುದೂ ಸರಿಯಲ್ಲ. ಗಾಜು ಶಾಸ್ತ್ರದ ಲೆಕ್ಕದ ಪ್ರಕಾರ ಇರಬೇಕಾದಷ್ಟು ಬಲವಾಗಿ ಏಕೆ ಇರುವುದಿಲ್ಲವೆಂಬ ಪ್ರಶ್ನೆಯನ್ನು ಎತ್ತಿಕೊಂಡು ಇಂಗ್ಲೆಂಡಿನ ಗ್ರಿಫಿತ್ ಎಂಬ ವಿಜ್ಞಾನಿಯು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗಾಜಿನ ಮೈಮೇಲಿನ ಅತಿಸೂಕ್ಷ್ಮವಾದ ಬಿರುಕುಗಳೇ ಅದರ ದೌರ್ಬಲ್ಯದ ಮೂಲವೆಂದು ತೋರಿಸಿಕೊಟ್ಟನು; ಆಗತಾನೆ ಎಳೆದ ಗಾಜಿನ ತೆಳ್ಳನೆಯ ಎಳೆ, ದಪ್ಪನಾದ ಕಡ್ಡಿಗಿಂತ, ಅಳತೆಗೆ ಅಳತೆ ಹೋಲಿಸಿದರೆ, ಎಷ್ಟೋ ಪಾಲು ಬಲವಾದದ್ದೆಂದು ಅವನು ಕಂಡುಕೊಂಡಿದ್ದನು. ಆದುದರಿಂದ ಇಂದು ಬಿದ್ದ ಗೀರು ಸಾಕಷ್ಟು ಆಳವಾಗಿದ್ದರೆ, ನಾಳೆ ಫೋನು ಕೈಜಾರಿ ಬಿದ್ದಾಗ ಬಿರುಕು ಮೊದಲು ಹುಡುಕುವ ದಾರಿ ಅದೇ.

ಬೆನ್ನಿಗೂ ಗಾಜೇ ಏಕೆ ಬೇಕಾಯಿತು? 2010ರ ಐಫೋನ್ 4ರಲ್ಲಿ ಮುಂದೂ ಹಿಂದೂ ಗಾಜು ಬಂದದ್ದು ಮುಖ್ಯವಾಗಿ ಚೆಲುವಿಗಾಗಿ ಎಂದು ನಾನು ತಿಳಿದಿದ್ದೇನೆ. 2017ರಿಂದೀಚೆಗೆ ಅದು ಮತ್ತೆ ಬಂದದ್ದಕ್ಕೆ ಬೇರೆಯ ಕಾರಣವೂ ಇದೆ: ತಂತಿಯಿಲ್ಲದೆ ಚಾರ್ಜ್ ಮಾಡುವಾಗ ಕೆಳಗಿನ ಸುರುಳಿಯ ಕಾಂತಕ್ಷೇತ್ರ ಫೋನಿನ ಒಳಗಿನ ಸುರುಳಿಯನ್ನು ಮುಟ್ಟಬೇಕು, ನಡುವೆ ಲೋಹದ ಬೆನ್ನಿದ್ದರೆ ಆ ಶಕ್ತಿ ಲೋಹದಲ್ಲಿಯೇ ಸುಳಿದು ಕಾವಾಗಿ ವ್ಯರ್ಥವಾಗುತ್ತದೆ. ಕಾರಣ ಸರಿಯಾದದ್ದೇ. ಆದರೆ ಲೋಹ ಬೇಡವೆಂದ ಮಾತ್ರಕ್ಕೆ ಗಾಜೇ ಬೇಕೆಂದು ಸಿದ್ಧವಾಗುವುದಿಲ್ಲ. 2012ರಲ್ಲಿ ಬಂದ ನೆಕ್ಸಸ್ 4 ಎಂಬ ಫೋನಿನ ಬೆನ್ನು, ಒಳಗೆ ಚುಕ್ಕಿಗಳು ಮಿನುಗುವ ಚಪ್ಪಟೆಯಾದ ಗಾಜು. ನೋಡಿದವರೆಲ್ಲ ಮೆಚ್ಚಿದರು, ಇಟ್ಟುಕೊಂಡವರಲ್ಲಿ ಬಹಳ ಮಂದಿ ಗೀರನ್ನೂ ಬಿರುಕನ್ನೂ ಕಂಡು ಕೊರಗಿದರು. ಮರುವರ್ಷದ ನೆಕ್ಸಸ್ 5ಕ್ಕೆ ಪ್ಲಾಸ್ಟಿಕ್ಕಿನ ಬೆನ್ನು ಬಂತು, ತಂತಿಯಿಲ್ಲದೆ ಚಾರ್ಜ್ ಆಗುವ ಸೌಕರ್ಯವೂ ಹಾಗೆಯೇ ಉಳಿಯಿತು. ಪ್ಲಾಸ್ಟಿಕ್ಕಿನ ಮೇಲೂ ಗೀರು ಬೀಳುವುದೇನೋ ನಿಜ, ಇನ್ನೂ ಬೇಗನೆಯೇ ಬೀಳುತ್ತದೆ. ಆದರೆ ಅದು ಚೂರುಚೂರಾಗುವುದಿಲ್ಲ, ಒರಟು ಮೈ ಕೊಟ್ಟರೆ ಗೀರು ಎದ್ದು ಕಾಣುವುದೂ ಇಲ್ಲ. ನುಣುಪನ್ನು ಕಳೆದು ಮಂಜು ಕವಿದಂತೆ ಮಾಡಿದ ಗಾಜು 2019ರ ಐಫೋನ್ 11 ಪ್ರೊದಂಥ ಫೋನುಗಳಲ್ಲಿ ಬಂದಿತು. ನನ್ನ ಕಣ್ಣಿಗೆ ಕನ್ನಡಿಯಂಥ ಹೊಳಪಿಗಿಂತ ಆ ಮಂಕೇ ಹೆಚ್ಚು ಗಂಭೀರವಾಗಿಯೂ ಬಾಳಿಕೆಗೆ ಹತ್ತಿರವಾಗಿಯೂ ತೋರುತ್ತದೆ. ಕೈಗಡಿಯಾರಗಳಿಗೆ ಹಾಕುವ ಕೃತಕ ನೀಲದ ಹಲಗೆಯು ಒಂಬತ್ತನೆಯ ಮೆಟ್ಟಿಲಿನದಾದ್ದರಿಂದ ಬೆಣಚಿಗೆ ಮಣಿಯುವುದಿಲ್ಲ. ಆದರೆ ಫೋನಿನಷ್ಟು ಅಗಲಕ್ಕೆ ಅದರ ಬೆಲೆ ವಿಪರೀತ.

ನಾನು ತಯಾರಕರನ್ನು ಕೇಳಿಕೊಳ್ಳಬೇಕಾದದ್ದು ದೊಡ್ಡದೇನೂ ಅಲ್ಲ. ಅಕ್ಕಿಯ ಚೀಲದ ಮೇಲೆ ತೂಕವನ್ನು ಬರೆಯುವಂತೆ ಪೆಟ್ಟಿಗೆಯ ಮೇಲೆ, ಈ ಗಾಜು ಲೋಹಕ್ಕೆ ಮಣಿಯದು, ಮರಳಿಗೆ ಮಣಿಯುತ್ತದೆ ಎಂದು ಒಂದು ಸಾಲು ಬರೆಯಲಿ. ಬೆನ್ನನ್ನು ಅಂಟಿನಿಂದ ಬೆಸೆದು, ಒಡೆದರೆ ಸಾವಿರಾರು ರೂಪಾಯಿ ತೆರಬೇಕಾದ ಹಾಗೆ ಮಾಡುವುದರ ಬದಲು, ಸಾಧಾರಣನಾದ ರಿಪೇರಿಯವನೂ ಬಿಚ್ಚಿ ಹಾಕಬಹುದಾದಂತೆ ಜೋಡಿಸಲಿ. ಇಷ್ಟನ್ನು ಮಾಡಿದರೆ ಚೆಲುವಿಗೆ ಯಾವ ಕುಂದೂ ಬರುವುದಿಲ್ಲ. ಚೆಲುವು ನನಗೂ ಬೇಕಾದದ್ದೇ, ಆ ಕಡುನೀಲಿಯನ್ನು ಕಂಡು ನಾನೂ ಸಂತೋಷಪಟ್ಟವನೇ.

ಗಾಜಿನ ಬೆನ್ನಿನ ಫೋನನ್ನು ಈಗಾಗಲೇ ಕೊಂಡಿರುವ ಓದುಗರಲ್ಲಿ ಒಂದು ವಿಜ್ಞಾಪನೆ. ಧೂಳು ಕೂತ ಫೋನನ್ನು ಪಂಚೆಯ ಅಂಚಿನಿಂದಲೋ ಸೀರೆಯ ಸೆರಗಿನಿಂದಲೋ ಒಣಒಣಗೆ ಒತ್ತಿ ಉಜ್ಜುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಶುಚಿ ಮಾಡುತ್ತೇವೆಂದುಕೊಂಡು ಹಾಗೆ ನಾವು ಮಾಡುವುದು ಬೆಣಚಿನ ಪುಡಿಯಿಂದ ಗಾಜನ್ನು ಅರೆಯುವ ಕೆಲಸ. ಮೊದಲು ಧೂಳನ್ನು ಊದಿ ಹಾರಿಸಿ, ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆಬಟ್ಟೆಯಿಂದ ಒತ್ತದೆ ಒರೆಸಿ. ಕವರು ಹಾಕಿದ್ದೇವೆಂದು ನಿಶ್ಚಿಂತರಾಗಿಯೂ ಇರಬೇಡಿ. ಅದರ ಸಂದಿನಿಂದ ಒಳಸೇರಿದ ಮರಳು ಹೊರಗೆ ಹೋಗಲು ದಾರಿಯಿಲ್ಲದೆ ಬೆನ್ನಿಗೇ ಉಜ್ಜುತ್ತ ಕೂತಿರುತ್ತದೆ. ಆಗಾಗ ಕವರನ್ನು ಕಳಚಿ, ಒಳಮೈಯನ್ನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ತೊಡಿಸಿ.