ದೇವರ ಎತ್ತಿಗೆ ಹುದ್ದೆಯಿಲ್ಲ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಕಷ್ಟವಾದದ್ದು ಹೊತ್ತು ಕಳೆಯುವುದಲ್ಲ, ಫೋನಿನಲ್ಲಿ ನಾನು ಯಾರೆಂದು ಹೇಳುವುದು. ಮೊದಲು ‘ಮ್ಯಾನೇಜರ್ ಮಾತಾಡ್ತಿದೀನಿ’ ಅಂದರೆ ಆ ಕಡೆಯ ದನಿ ತಾನಾಗಿ ತಗ್ಗುತ್ತಿತ್ತು. ಈಗ ಬರಿ ಹೆಸರು ಹೇಳಿದರೆ ‘ಯಾರು?’ ಎನ್ನುತ್ತಾರೆ. ‘ಮಾಜಿ’ ಅನ್ನುವುದು ಶಾಸಕರಿಗೆ ಒಪ್ಪುತ್ತದೆ. ಸಾಲ ಕೊಡುವ ಅಧಿಕಾರ ಕಳಕೊಂಡ ಮ್ಯಾನೇಜರಿಗೆ ಒಪ್ಪುವುದಿಲ್ಲ.

ಊರಿಗೇ ಬಂದು ನೆಲೆಸಿದೆ. ವೈದ್ಯರ ಅಪ್ಪಣೆಯಂತೆ ಬೆಳಗಾದರೆ ನಮ್ಮ ತಾಲ್ಲೂಕಿನ ಕುದಾಪುರದ ಕಡೆ ನಡೆಯುತ್ತೇನೆ. ಒಂದು ಕಾಲಕ್ಕೆ ಇದೆಲ್ಲ ಕಣ್ಣಿಗೆ ತಡೆಯಿಲ್ಲದ, ಅಮೃತ ಮಹಲ್ ದನ ಮೇಯುವ ಕಾವಲು. ಈಗ 1500 ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. ಆಚೆ ವರವು ಕಾವಲು, ಉಳ್ಳಾರ್ತಿಯ ಕಡೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರದ ಬೇಲಿಗಳು. 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯ ವಾಹನವೊಂದು ಚಾಲಕನಿಲ್ಲದೆ ತಾನೇ ಬಂದು ಇಳಿದದ್ದು ಇಲ್ಲಿಯ ಓಡುದಾರಿಯಲ್ಲೇ.

ನಡೆಯುವಾಗ ಒಮ್ಮೊಮ್ಮೆ ದೇವರ ಎತ್ತುಗಳು ಎದುರಾಗುತ್ತವೆ. ಮ್ಯಾಸಬೇಡ ಸಮುದಾಯದವರು ತಮ್ಮ ದೈವಗಳಿಗೆ ಬಿಟ್ಟ ದನ ಅವು. ನೊಗ ಹೊರುವುದಿಲ್ಲ, ಗಾಡಿ ಎಳೆಯುವುದಿಲ್ಲ. ಅವನ್ನು ಮಾರುವಂತಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಬ್ಯಾಂಕಿನವನ ಕಣ್ಣಿನಿಂದ ನೋಡಿದರೆ ಇಷ್ಟು ಶುದ್ಧವಾದ ವಸೂಲಾಗದ ಸಾಲ ಬೇರೊಂದಿಲ್ಲ. ಆದರೂ ಹಬ್ಬದಲ್ಲಿ ಮುಂದೆ ನಡೆಯುವವು ಅವೇ. ಎದುರಿಗೆ ಬಂದರೆ ಮುದುಕರೂ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ.

ಅಮೃತ ಮಹಲ್ ದನದ ಕತೆಯೇ ಬೇರೆ. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲಕ್ಕೆ ಈ ಹೆಸರು ಪಡೆದ ತಳಿ ಅದು. ಫಿರಂಗಿ ಎಳೆಯುವುದಕ್ಕೆ, ದಂಡಿನ ಸಾಮಾನು ಹೊರುವುದಕ್ಕೆ ಅದರಂಥದ್ದಿಲ್ಲ ಎಂದು ಬ್ರಿಟಿಷರೂ ಅದನ್ನು ಸಾಕಿದರು. ಯಂತ್ರಗಳು ಬಂದವು; ಎಳೆಯುವುದಕ್ಕೆ ಏನೂ ಉಳಿಯಲಿಲ್ಲ. ಆಮೇಲೆ ತಳಿಯೂ ಕ್ಷೀಣಿಸಿತು, ಕಾವಲುಗಳೂ ಕರಗಿದವು. ಕೆಲಸವೊಂದರಿಂದಲೇ ಹೆಸರಾದವರ ಗತಿ ಇದೇ ಏನೋ ಅನ್ನಿಸಿ ಒಂದು ದಿನ ತಿಂಡಿ ರುಚಿಸಲಿಲ್ಲ.

ದೇವರ ದನ ಕಾಯುವ ಕಿಲಾರಿಯ ಪರಿಚಯವಾದಾಗ ಆತ ಕೇಳಿದ್ದು, ‘ಯಾರ ಪೈಕಿ ಸಾ?’ ಮೊದಲು ಹಿತವೆನಿಸಿತು. ಹುದ್ದೆ ಕೇಳದ ಒಬ್ಬ ಸಿಕ್ಕನಲ್ಲ! ಯೋಚಿಸಿದರೆ ಅದೂ ಅಷ್ಟು ಸರಳವಲ್ಲ. ‘ಯಾರ ಪೈಕಿ’ ಅನ್ನುವುದಕ್ಕೆ ಉತ್ತರ ಹೇಳಿದ ಮೇಲೆ ಎಷ್ಟೋ ಜನ ಜಗಲಿಯಿಂದ ಕೆಳಗೇ ನಿಲ್ಲಬೇಕಾದ ಸೀಮೆ ಇದು. ಹುಟ್ಟಿನ ಗುರುತು ಹುದ್ದೆಯ ಗುರುತಿಗಿಂತ ದೊಡ್ಡದೆಂದು ನಾನು ಒಪ್ಪಲಾರೆ. ಹುದ್ದೆಗಾದರೂ ನಿವೃತ್ತಿಯಿದೆ.

‘ಕೆಲಸಾನೇ ನೀನಲ್ಲಪ್ಪ, ಅದರಾಚೆ ನಿನ್ನ ಹುಡುಕ್ಕೊ’ ಎಂದು ಬೆಂಗಳೂರಿನ ಮಗ ಉಪದೇಶಿಸುತ್ತಾನೆ. ಪಿಂಚಣಿ ಬರುವವನಿಗೆ ಹೇಳಲು ಚಂದದ ಮಾತು. ಕಾವಲಿಗೆ ಬೇಲಿ ಬಿದ್ದಾಗ ಕುರಿ ಮೇಯಿಸುವವರಿಗೆ, ಆ ಉಣ್ಣೆಯಿಂದ ಕಂಬಳಿ ನೇಯುವವರಿಗೆ ಯಾರಾದರೂ ಇದನ್ನು ಹೇಳಬಹುದಿತ್ತೆ? ಅವರಿಗೆ ಕುರಿಯೆಂದರೆ ದುಡಿಮೆ, ದೇವರು, ಹಾಡು, ನೆಂಟಸ್ತನ ಎಲ್ಲವೂ. ಆ ಬೇಲಿಗಳ ವಿರುದ್ಧ ಹಸಿರು ನ್ಯಾಯಮಂಡಳಿಗೆ ಹೋದದ್ದು ಬರಿ ಹುಲ್ಲಿನ ಜಗಳವಲ್ಲ.

ಇದೇ ತಾಲ್ಲೂಕಿನ ಕಾಡುಗೊಲ್ಲರ ಹಾಡುಗಾರ್ತಿ ಸಿರಿಯಜ್ಜಿ ಅಕ್ಷರ ಕಲಿತವಳಲ್ಲ, ಯಾವ ಹಾಜರಿ ಪುಸ್ತಕದಲ್ಲೂ ಸಹಿ ಹಾಕಿದವಳಲ್ಲ. ಆಕೆಯ ನಾಲಗೆಯ ಮೇಲೆ ಸಾವಿರಾರು ಪದಗಳಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. ಗೌರವಿಸದಿದ್ದರೂ ಆಕೆ ಹಾಡುತ್ತಿದ್ದಳು. ನನ್ನ ಬಳಿ ಅಂಥದ್ದೇನೂ ಇಲ್ಲ. ಲೆಕ್ಕ ಬರುತ್ತದೆ ಅಷ್ಟೆ. ಸಂಜೆ ಹಟ್ಟಿಯ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇನೆ. ಅವರಿಗೆ ನಾನು ‘ಲೆಕ್ಕದ ತಾತ’. ಇದೂ ಒಂದು ಹುದ್ದೆಯೇ ಎಂದು ಹೆಂಡತಿ ನಗುತ್ತಾಳೆ. ಇರಲಿ, ವರ್ಗಾವಣೆಯಂತೂ ಇಲ್ಲ.

ನೀವು ಈ ಕಡೆ ಬಂದರೆ ವಿಸಿಟಿಂಗ್ ಕಾರ್ಡು ತರಬೇಡಿ, ಕಿಲಾರಿಗೆ ಅದರಿಂದ ಉಪಯೋಗವಿಲ್ಲ. ಬೇಸಿಗೆಯಾದರೆ ಒಂದು ಹೊರೆ ಮೇವು ತನ್ನಿ.