ಟಾರ್ಚಿನ ಬೆಳಕು ಮುಟ್ಟದ ಮೂಲೆ

ನಮ್ಮ ತೋಟಕ್ಕೆ ತ್ರೀಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ. ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ, ಎಡಕ್ಕೂ ಬಲಕ್ಕೂ ತೆಂಗು ಬಿಟ್ಟರೆ ಬೇರೇನೂ ಕಾಣದ ಕಡೆ, ರಸ್ತೆಯಿಂದ ಒಂದಷ್ಟು ಒಳಕ್ಕೆ ನಡೆದರೆ ನಮ್ಮ ತೋಟ. ಕರೆಂಟು ಬಂದಾಗ ಮೋಟರು ಹಾಕಿ, ಒಂದು ಸಾಲಿನ ಪಾತಿಗಳು ತುಂಬಿದ ಮೇಲೆ ನೀರನ್ನು ಇನ್ನೊಂದು ಸಾಲಿಗೆ ತಿರುಗಿಸಬೇಕು. ಅಪ್ಪ ಅದಕ್ಕೆಂದು ಸನಿಕೆ ಹೆಗಲಿಗಿಟ್ಟು, ಮೂರು ಸೆಲ್ಲಿನ ಟಾರ್ಚು ಹಿಡಿದು ಹೊರಡುವುದನ್ನು ನೋಡುತ್ತಲೇ ನಾನು ಬೆಳೆದೆ. ಆ ಟಾರ್ಚಿನ ತಲೆಯನ್ನು ಒಂದು ಕಡೆಗೆ ತಿರುಗಿಸಿದರೆ ಬೆಳಕು ಅಗಲವಾಗಿ ಹರಡುತ್ತಿತ್ತು. ಇನ್ನೊಂದು ಕಡೆಗೆ ತಿರುಗಿಸಿದರೆ ಕೋಲಿನಂತೆ ಸಣ್ಣಗಾಗಿ ಆಚೆ ತುದಿಯ ಮರದ ಸುಳಿಯವರೆಗೂ ಹೋಗುತ್ತಿತ್ತು. ಈಗ ಬೆಂಗಳೂರಿನಲ್ಲಿ ನಾನು ಪಿಎಚ್.ಡಿ. ಮಾಡುತ್ತಿರುವುದು, ನೇರವಾಗಿ ಹೇಳುವುದಾದರೆ, ಆ ತಲೆ ತಿರುಗಿಸುವ ಕೆಲಸದ ಮೇಲೆಯೇ.

ಮೊಬೈಲ್ ಸಿಗ್ನಲ್ಲನ್ನು ಹಳ್ಳಿಗಳಲ್ಲಿ ದೂರದವರೆಗೆ ಮುಟ್ಟಿಸುವ ತರಂಗಗಳು ಉದ್ದನೆಯವು. 700 ಮೆಗಾಹರ್ಟ್ಸ್‌ನ ಒಂದು ತರಂಗ ಸುಮಾರು 43 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಮೊಳ. 2022ರಲ್ಲಿ ನಮ್ಮ ದೇಶದಲ್ಲಿ 5ಜಿಗೆಂದು ಹರಾಜಾದ ಬ್ಯಾಂಡುಗಳಲ್ಲಿ 26 ಗಿಗಾಹರ್ಟ್ಸ್ ಕೂಡ ಒಂದು. ಅದರ ತರಂಗ ಒಂದು ಸೆಂಟಿಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಇಂಥ ಕಿರು ತರಂಗಗಳಿಂದಲೇ 1895ರಲ್ಲಿ ಜಗದೀಶ್‌ಚಂದ್ರ ಬೋಸರು ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದರು. ಈ ಬ್ಯಾಂಡಿನಲ್ಲಿ ಜಾಗ ಹೆಚ್ಚು, ಹಾಗಾಗಿ ವೇಗವೂ ಹೆಚ್ಚು. ಆದರೆ ತರಂಗ ಮಾತ್ರ ಸುಕುಮಾರ. ಗೋಡೆ, ಮನುಷ್ಯನ ಮೈ, ಎಲೆ, ಏನು ಅಡ್ಡ ಬಂದರೂ ಸೊರಗುತ್ತದೆ. ಅದಕ್ಕಾಗಿ ಟವರು ತನ್ನ ಶಕ್ತಿಯನ್ನೆಲ್ಲ ಒಂದೇ ದಿಕ್ಕಿಗೆ ಒಟ್ಟುಮಾಡಿ ಕೋಲಿನಂತೆ ಬಿಡಬೇಕು. ಬೀಮ್ ಎನ್ನುವುದು ಅದಕ್ಕೇ.

ತೊಡಕು ಇರುವುದು ಮೊದಲ ಭೇಟಿಯಲ್ಲಿ. ಈಗಷ್ಟೇ ಆನ್ ಮಾಡಿದ ಫೋನು ಎಲ್ಲಿದೆಯೆಂದು ಟವರಿಗೆ ಗೊತ್ತಿಲ್ಲ. ಟವರು ಯಾವ ದಿಕ್ಕಿಗಿದೆಯೆಂದು ಫೋನಿಗೂ ಗೊತ್ತಿಲ್ಲ. 5ಜಿಯ ನಿಯಮದಂತೆ ಈ ಎತ್ತರದ ಬ್ಯಾಂಡಿನಲ್ಲಿ ಟವರು ಹೆಚ್ಚೆಂದರೆ 64 ದಿಕ್ಕಿಗೆ ಒಂದಾದ ಮೇಲೊಂದು ಬೀಮ್ ಬೀಸುತ್ತದೆ, ಅದೂ 5 ಮಿಲಿಸೆಕೆಂಡಿನೊಳಗೆ. 20 ಮಿಲಿಸೆಕೆಂಡಿಗೊಮ್ಮೆ ಈ ಬೀಸು ಮತ್ತೆ ಬರುತ್ತದೆಂದು ನಂಬಿ ಫೋನು ಕಿವಿಗೊಟ್ಟು ಕಾಯುತ್ತದೆ. ಯಾವ ಬೀಮ್ ಜೋರಾಗಿ ಕೇಳಿತೋ, ಅದಕ್ಕೆಂದೇ ಗೊತ್ತುಮಾಡಿದ ಗಳಿಗೆಯಲ್ಲಿ ‘ನಾನಿಲ್ಲಿದ್ದೇನೆ’ ಎಂದು ಕೂಗುತ್ತದೆ. ಕೂಗಿದ ಗಳಿಗೆಯಿಂದಲೇ ಟವರಿಗೆ ದಿಕ್ಕು ತಿಳಿಯುತ್ತದೆ. ಮಾತುಕತೆ ಏನಿದ್ದರೂ ಆಮೇಲೆ.

ಈ ಹುಡುಕಾಟದ ಹೊತ್ತನ್ನು ಕಡಿಮೆ ಮಾಡುವುದು ನನ್ನ ಕೆಲಸ. ಮೊದಲು ಅಗಲ ಬೀಮಿನಿಂದ ಕೆಲವೇ ದಿಕ್ಕು ನೋಡುವುದು, ಉತ್ತರ ಬಂದ ಕಡೆ ಮಾತ್ರ ಸಣ್ಣ ಬೀಮ್ ಹಾಕುವುದು. 64 ಸಲದ ಬದಲು 8 ಅಗಲ, 8 ಸಣ್ಣ, ಒಟ್ಟು 16ರಲ್ಲಿ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ನನ್ನ ಗ್ರಾಫು ಚೆಂದವಾಗಿ ಕೆಳಗಿಳಿದಿತ್ತು. ಅದನ್ನು ನೋಡಿಕೊಂಡು ಖುಷಿಯಲ್ಲೇ ಹೋದ ಮಾರ್ಚಿನಲ್ಲಿ ಊರಿಗೆ ಹೋದೆ.

ಒಂದು ರಾತ್ರಿ ಹನ್ನೊಂದಾದರೂ ಅಪ್ಪ ತೋಟದಿಂದ ಬರಲಿಲ್ಲ. ಫೋನು ಸಿಗಲಿಲ್ಲ. “ಪಂಪ್‌ಸೆಟ್ ಮನೆ ತಾವ ನೋಡ್ಬಾ ಮಗಾ, ಅಲ್ಲೇ ಕೂತ್ಕಂಡು ನಿದ್ದೆ ಹೋಗಿರ್ತಾರೆ” ಅಂದಳು ಅವ್ವ. ಮನೆಯಲ್ಲಿದ್ದ ಇನ್ನೊಂದು ಟಾರ್ಚು ಹಿಡಿದು ಹೊರಟೆ. ಪಂಪ್‌ಸೆಟ್ ಮನೆಯಲ್ಲಿ ಇರಲಿಲ್ಲ, ತೊಟ್ಟಿಯ ಹತ್ತಿರವೂ ಇರಲಿಲ್ಲ. ಟಾರ್ಚಿನ ತಲೆ ತಿರುಗಿಸಿ ಬೆಳಕು ಅಗಲ ಮಾಡಿ ನಾಲ್ಕೂ ಕಡೆಗೆ ಬೀಸಿದೆ, ಕೂಗಿದೆ. ಮೋಟರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಯಾರೂ ಕಾಣಲಿಲ್ಲ. ಅಪ್ಪ ತೋಟದಲ್ಲಿಲ್ಲ ಎಂದೇ ತೀರ್ಮಾನಿಸಿ, ಪಕ್ಕದ ತೋಟದ ಕಡೆ ಹೆಜ್ಜೆ ಹಾಕಿದೆ.

ಅರ್ಧ ಗಂಟೆ ಅಲ್ಲಿ ಇಲ್ಲಿ ಸುತ್ತಿ ಬಂದ ಮೇಲೆ ಮೋಟರು ಆರಿಸಿದೆ. ಬೆಳಕನ್ನು ಸಣ್ಣ ಮಾಡಿ ಒಂದೊಂದೇ ಸಾಲಿಗೆ ಬಿಡುತ್ತಾ ಬಂದೆ. ಬೇಲಿಯ ಮೂಲೆಯಿಂದ ಮಿಣುಕು ಬೆಳಕೊಂದು ಅಲುಗಾಡಿತು. ಕಾಲುವೆ ದಾಟುವಾಗ ಬಿದ್ದಿದ್ದ ಸೋಗೆಯ ಮೇಲೆ ಕಾಲಿಟ್ಟು ಜಾರಿ, ಪಾದ ಹೊರಳಿ, ಅಪ್ಪ ಬುಡಕ್ಕೆ ಒರಗಿ ಕೂತಿದ್ದ.

“ಆವಾಗ್ಲೇ ನೀನು ಬೆಳಕು ಬೀಸಿದ್ದು ಮಸುಕಾಗಿ ಕಾಣ್ತು ಕಣವ್ವ. ನಾನೂ ಬಿಟ್ಟೆ. ನನ್ನ ಸೆಲ್ಲು ಬ್ಯಾರೆ ವೀಕಾಗಿತ್ತು. ನಿಂಗೆ ಕಾಣ್ಲಿಲ್ಲ.”

ಅಗಲ ಬೆಳಕು ಹತ್ತಿರದವರನ್ನು ಬೇಗ ಹುಡುಕುತ್ತದೆ. ದೂರದವನನ್ನು ಅದು ಸರಿಯಾಗಿ ಮುಟ್ಟುವುದಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಆ ಕಡೆ ಯಾರೂ ಇಲ್ಲ ಎಂದು ನಂಬಿಸಿಯೂ ಬಿಡುತ್ತದೆ. ನಮ್ಮ ವಿಷಯದಲ್ಲಿ ಇದು ಹೊಸ ಮಾತಲ್ಲ. ಅಂಚಿನಲ್ಲಿರುವ ಫೋನುಗಳು ಈ ಎರಡು ಹಂತದ ಹುಡುಕಾಟದಲ್ಲಿ ತಪ್ಪಿಹೋಗುತ್ತವೆಂದು ನಾನೇ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಒಂದು ವಾಕ್ಯ ಬರೆದು ಮುಂದೆ ಹೋಗಿದ್ದೆ. ಆ ವಾಕ್ಯದೊಳಗೆ ಅಪ್ಪ ಕೂತಿದ್ದ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಹುಡುಕಿಯೂ ಸಿಗದ ಫೋನುಗಳನ್ನು ನಾನು ಸರಾಸರಿಯ ಲೆಕ್ಕದಿಂದಲೇ ಕೈಬಿಟ್ಟಿದ್ದೆ. ಸಿಕ್ಕವರ ಹೊತ್ತನ್ನಷ್ಟೇ ಕೂಡಿಸಿದರೆ ಗ್ರಾಫು ಚೆಂದ ಬರದೆ ಇನ್ನೇನು?

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಜಗಲಿಯಲ್ಲಿ ಕೂತ ಅಪ್ಪ ಕೇಳಿದ: “ನೀನು ಓದ್ತಿರೋ ನೆಟ್‌ವರ್ಕು ನಮ್ಮ ತೋಟಕ್ಕೆ ಬತ್ತದಾ?”

ಬರುವುದಿಲ್ಲ ಎಂದೆ. ಒಂದು ತೆಂಗಿನ ಗರಿ ಸಾಕು ಅದನ್ನು ತಡೆಯಲು, ಮಳೆಗೆ ನೆನೆದಿದ್ದರೆ ಇನ್ನೂ ಕಷ್ಟ. ಅದು ಕ್ರಿಕೆಟ್ ಮೈದಾನ, ರೈಲ್ವೆ ನಿಲ್ದಾಣದಂಥ ಜನ ಕಿಕ್ಕಿರಿದ ಕಡೆಗೆ ಹೇಳಿಸಿದ್ದು. ಇಲ್ಲಿಗೆ ಮೊಳದುದ್ದದ ತರಂಗವೇ ಗತಿ. ಅಪ್ಪ “ಹೂಂ” ಅಂದ, ಅಷ್ಟೇ.

ಅವ್ವ ಅಟ್ಟದಿಂದ ಕಾಯಿ ಇಳಿಸುತ್ತಿದ್ದಳು. ಎಂಟು ಹತ್ತು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿಯ ಒಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಅಲ್ಲಾಡುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಆ ಉಂಡೆ ಕೊಬ್ಬರಿಯೇ. ಅವ್ವ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಸದ್ದು ಬಂದದ್ದು ಈ ಕಡೆಗೆ. ಬರದಿದ್ದನ್ನು ಎಸೆಯುವುದಿಲ್ಲ, ಮತ್ತೆ ಅಟ್ಟಕ್ಕೆ ಹಾಕುತ್ತಾಳೆ. ಮುಂದಿನ ಸಲ ಇಳಿಸಿದಾಗ ಮತ್ತೆ ಅಲ್ಲಾಡಿಸುತ್ತಾಳೆ. ಸದ್ದಿಲ್ಲ ಎಂದರೆ ಒಳಗೆ ಏನೂ ಇಲ್ಲವೆಂದು ಅವಳ ಲೆಕ್ಕದಲ್ಲಿ ಅರ್ಥವಲ್ಲ.

ಬೆಂಗಳೂರಿಗೆ ಬಂದು, ಕೈಬಿಟ್ಟಿದ್ದ ಫೋನುಗಳನ್ನು ಲೆಕ್ಕಕ್ಕೆ ಸೇರಿಸಿದೆ. ಅಗಲ ಬೀಮಿಗೆ ಎಲ್ಲಿಂದಲೂ ಉತ್ತರ ಬರದಿದ್ದರೆ ಸುಮ್ಮನಾಗದೆ 64 ದಿಕ್ಕನ್ನೂ ಸಣ್ಣ ಬೀಮಿನಿಂದ ನೋಡುವಂತೆ ಮಾಡಿದೆ. ಹೆಚ್ಚಿನವರಿಗೆ ಈಗಲೂ 16 ಸಲ ಸಾಕು, ಅಂಚಿನಲ್ಲಿರುವವರಿಗೆ 72. ಗ್ರಾಫು ಮೊದಲಿನಷ್ಟು ಚೆಂದವಿಲ್ಲ. ಸರಾಸರಿ ಯಾಕೆ ಏರಿತು ಎಂದು ಗೈಡ್ ಕೇಳಿದರು. ಸಿಗದವರನ್ನೂ ಸೇರಿಸಿದ್ದೇನೆ ಸರ್ ಎಂದೆ.

ಅಪ್ಪನ ಕಾಲು ಈಗ ಸರಿಯಾಗಿದೆ. ತೋಟಕ್ಕೆ ಹೊರಡುವಾಗ ಈ ರಾತ್ರಿ ಯಾವ ಸಾಲಿಗೆ ನೀರು ಬಿಡುತ್ತೇನೆಂದು ಅವ್ವನಿಗೆ ಹೇಳಿಯೇ ಹೋಗುತ್ತಾನಂತೆ. ನನ್ನ ಅಲ್ಗಾರಿದಮ್ಮಿಗಿಂತ ಅದು ಬೇಗ ಹುಡುಕುತ್ತದೆ.