ಸ್ಟಾಕ್‌ಹೋಮಿನಲ್ಲೊಂದು ದೀರ್ಘವಾದ ಹಗಲು

ಜ್ಯೇಷ್ಠಮಾಸದ ದಿನಗಳಲ್ಲಿ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಬೆಳಗಿನ ಮೂರೂವರೆಗೇ ಸೂರ್ಯೋದಯವಾಗುತ್ತದೆ; ರಾತ್ರಿ ಹತ್ತಾದರೂ ಬಿಸಿಲು ಆರುವುದಿಲ್ಲ. 2023ರ ಜೂನ್ ತಿಂಗಳ ನಡುಭಾಗದಲ್ಲಿ ಮಗಳ ಮನೆಗೆಂದು ಅಲ್ಲಿಗೆ ತೆರಳಿದ್ದ ನಿವೃತ್ತ ಗಣಿತಾಧ್ಯಾಪಕರೊಬ್ಬರಿಗೆ ಮೊದಲು ಎದುರಾದ ತೊಡಕು ಇದೇ. ಈ ಶಾಲೆಯ ಪ್ರಸಾದನಿಲಯದಲ್ಲಿ ಉಂಡು ಬೆಳೆದವರು ಅವರು. ಸೂರ್ಯೋದಯಕ್ಕೆ ಮುನ್ನ ಮಿಂದು ಇಷ್ಟಲಿಂಗಪೂಜೆಯನ್ನು ಪೂರೈಸುವುದು ಅಂದಿನಿಂದ ನಡೆದುಬಂದ ನಿಯಮ. ಎರಡು ದಿನ ಎರಡೂವರೆಗೆ ಎದ್ದು ನೋಡಿದರು. ಮೂರನೆಯ ದಿನ ಗಡಿಯಾರವನ್ನೇ ಸೂರ್ಯನೆಂದು ಭಾವಿಸಿ ಐದಕ್ಕೆ ಎದ್ದರು. ಕರಸ್ಥಲದ ಲಿಂಗಕ್ಕೆ ದೇಶಕಾಲಗಳ ಕಟ್ಟು ಎಲ್ಲಿಯದು!

ಅಂದು ಮಗಳಿಗೆ ಬಿಡುವು. ತಂದೆಮಗಳು ನಗರವನ್ನು ನೋಡಲು ಹೊರಟರು. ಮೇಲಾರೆನ್ ಎಂಬ ಸಿಹಿನೀರಿನ ಸರೋವರವು ಬಾಲ್ಟಿಕ್ ಸಮುದ್ರವನ್ನು ಸೇರುವೆಡೆಯಲ್ಲಿ ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡಿರುವ ನಗರವದು. ಗಾಮ್ಲಾ ಸ್ಟಾನ್ ಎಂಬ ಹಳೆಯ ಪೇಟೆಯಲ್ಲಿ ಒಂದು ಸಂದಿ ಎಷ್ಟು ಕಿರಿದೆಂದರೆ ಅದರ ಅತಿ ಇಕ್ಕಟ್ಟಾದ ಜಾಗದ ಅಗಲ ಕೇವಲ 90 ಸೆಂಟಿಮೀಟರು. ಎದುರಿನಿಂದ ಬಂದವರಿಗೆ ದಾರಿಯನ್ನು ಬಿಡಲು ಅಧ್ಯಾಪಕರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾಯಿತು. ಸಮೀಪದ ಚೌಕದಲ್ಲಿ 1520ರ ನವೆಂಬರಿನಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್ ಎಂಬವನು ಅನೇಕ ಗಣ್ಯರ ಶಿರಚ್ಛೇದವನ್ನು ಮಾಡಿಸಿದ್ದನು. ಇಂದು ಅಲ್ಲಿ ಬಣ್ಣಬಣ್ಣದ ಮನೆಗಳೂ ಬಿಸಿಲು ಕಾಯಿಸುವ ಜನರೂ ಕಾಣುತ್ತಾರೆ.

ಸ್ವೀಡಿಷರಿಗೆ 'ಫೀಕಾ' ಎಂಬ ಕಾಫಿಯ ವಿರಾಮವು ನಿತ್ಯವ್ರತದಂತೆ. ಕಾಫಿಯನ್ನು ಸೂಚಿಸುವ ಹಳೆಯ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿದುದರಿಂದ ಈ ಮಾತು ಹುಟ್ಟಿತೆನ್ನುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಸರಕಾರವು ಕಾಫಿಯನ್ನು ಮತ್ತೆ ಮತ್ತೆ ನಿಷೇಧಿಸಿದ್ದಿತು, ಜನ ಬಿಡಲಿಲ್ಲ. ಕಾಫಿಯೊಡನೆ ತಿನ್ನುವ ಸಿಹಿರೊಟ್ಟಿಯ ಮೇಲೆ ಮೊಟ್ಟೆಯನ್ನು ಸವರುವ ರೂಢಿಯುಂಟು. ಆದುದರಿಂದ ಮಗಳು ಅಂಗಡಿಯವರನ್ನು ವಿಚಾರಿಸಿ, ಹಾಲುಮೊಟ್ಟೆಗಳಿಲ್ಲದ ಒಂದನ್ನು ತಂದಳು. ಮುರಿದೊಡನೆ ಘಮ್ಮೆಂದಿತು: ಏಲಕ್ಕಿ! ಒರಟಾಗಿ ಕುಟ್ಟಿದ ಏಲಕ್ಕಿಯನ್ನು ಹಿಟ್ಟಿನ ಸುರುಳಿಯಲ್ಲಿ ಧಾರಾಳವಾಗಿ ತುಂಬಿದ್ದರು. ಹಾವೇರಿಯಲ್ಲಿ ಹಾರವಾಗಿ ಗಣ್ಯರ ಕೊರಳನ್ನು ಏರುವ ವಸ್ತು ಇಲ್ಲಿ ಕೂಲಿಕಾರನ ಬೆಳಗಿನ ತಿಂಡಿಯಲ್ಲಿದೆ. ಗಿಡದ ತವರು ಸಹ್ಯಾದ್ರಿಯೇ ಆದರೂ ಇಂದು ಜಗತ್ತಿನ ಏಲಕ್ಕಿಯ ಬಹುಪಾಲು ಗ್ವಾಟೆಮಾಲಾದ ಬೆಳೆಯೆಂದು ಮಗಳು ಹೇಳಿದಾಗ ಅಧ್ಯಾಪಕರಿಗೆ ತುಸು ಬೇಸರವೇ ಆಯಿತು.

ಅಲ್ಲಿಂದ ದೋಣಿಯನ್ನೇರಿ ಯೂರ್‌ಗೋರ್ಡೆನ್ ದ್ವೀಪಕ್ಕೆ ಹೋದರು. 1990ರಲ್ಲಿ ತೆರೆದ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿರುವುದು 'ವಾಸಾ' ಎಂಬ ಒಂದು ಹಡಗು. ಒಳಗಿನ ಮಬ್ಬಿನಲ್ಲಿ, ಕಪ್ಪಾದ ಓಕ್ ಮರದ ಆ ಬೃಹದಾಕಾರವು, ಬೆನ್ನ ತುಂಬ ಸಿಂಹಗಳನ್ನೂ ದೊರೆಗಳನ್ನೂ ಕೆತ್ತಿಸಿಕೊಂಡು, ರಥದಂತೆ ನಿಂತಿದೆ. ಇದು ಯಾವ ಯುದ್ಧವನ್ನೂ ಗೆದ್ದುದಲ್ಲ. 1628ರ ಆಗಸ್ಟ್ 10ರಂದು, 64 ಫಿರಂಗಿಗಳನ್ನು ಹೊತ್ತು ಮೊದಲ ಯಾನಕ್ಕೆ ಹೊರಟು, ಹೆಚ್ಚುಕಡಿಮೆ 1300 ಮೀಟರುಗಳಷ್ಟು ದೂರ ಸಾಗುವಷ್ಟರಲ್ಲಿ ಒಂದು ಗಾಳಿಗೆ ವಾಲಿ, ತೆರೆದಿದ್ದ ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿ ಜನರ ಕಣ್ಣೆದುರಿಗೇ ಮುಳುಗಿತು. ಸುಮಾರು ಮೂವತ್ತು ಜನ ಮಡಿದರು. ಬಾಲ್ಟಿಕ್‌ನ ನೀರಿನಲ್ಲಿ ಉಪ್ಪು ಕಡಿಮೆ. ಮರವನ್ನು ಕೊರೆಯುವ ಹುಳು ಅಲ್ಲಿ ಬದುಕದು. ಅದರಿಂದಲೇ 333 ವರ್ಷಗಳ ತರುವಾಯ, 1961ರಲ್ಲಿ, ಮೇಲೆತ್ತಿದಾಗ ಹಡಗು ಹೆಚ್ಚುಕಡಿಮೆ ಇಡಿಯಾಗಿಯೇ ದೊರೆಯಿತು.

ಮುಳುಗಿದ ಕಾರಣ ಗಣಿತದವರಿಗೆ ಹೊಸದಲ್ಲ. ಮೇಲ್ಭಾಗ ಅತಿಭಾರ, ಅಡಿಯಲ್ಲಿ ಅದನ್ನು ತಡೆಯುವಷ್ಟು ತೂಕವಿಲ್ಲ. ಅಧ್ಯಾಪಕರನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಹೊರಡುವುದಕ್ಕೆ ಮೊದಲೇ, ದಂಡೆಯಲ್ಲಿ ಕಟ್ಟಿದ್ದ ಹಡಗಿನ ಮೇಲೆ ಮೂವತ್ತು ಆಳುಗಳನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಓಡಿಸಿ ಪರೀಕ್ಷಿಸಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಭಯಂಕರವಾಗಿ ತೂಗಿತು. ಅಲ್ಲಿದ್ದ ನೌಕಾಧಿಕಾರಿ ಫ್ಲೆಮಿಂಗ್ ಪರೀಕ್ಷೆಯನ್ನು ನಿಲ್ಲಿಸಿದನು. ಯಾನವನ್ನು ಮಾತ್ರ ನಿಲ್ಲಿಸಲಿಲ್ಲ. ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ದೂರದ ರಣರಂಗದಿಂದ ತ್ವರೆಮಾಡುತ್ತಿದ್ದನು. ಮುಳುಗಿದ ಮೇಲೆ ವಿಚಾರಣೆ ನಡೆಯಿತು, ಪ್ರಧಾನ ಶಿಲ್ಪಿ ಹೆನ್ರಿಕ್ ಹ್ಯೂಬರ್ಟ್‌ಸೊನ್ ಹಿಂದಿನ ವರ್ಷವೇ ಗತಿಸಿದ್ದನು, ಯಾರಿಗೂ ಶಿಕ್ಷೆಯಾಗಲಿಲ್ಲ.

ಅಧ್ಯಾಪಕರು ಆ ಫಲಕದ ಮುಂದೆ ಬಹಳ ಹೊತ್ತು ನಿಂತರು. ಕಾಲು ನೋವೇ ಎಂದು ಮಗಳು ಕೇಳಿದಳು. ಅಲ್ಲವೆಂದರು.

ಮಧ್ಯಾಹ್ನದ ಊಟಕ್ಕೆ 1888ರ ಹಳೆಯ ಕೆಂಪಿಟ್ಟಿಗೆಯ ಅಂಗಡಿಮಾಳಿಗೆಗೆ ಹೋದುದಾಯಿತು. ಎಲ್ಲೆಲ್ಲೂ ಮೀನು. ಹುಡುಕಿದ ಮೇಲೆ ಸಬ್ಬಸಿಗೆ ಸೊಪ್ಪಿನೊಡನೆ ಬೇಯಿಸಿದ ಎಳೆಯ ಆಲೂಗಡ್ಡೆ ದೊರೆಯಿತು. ಮೇಲೆ ಒಂದು ಬಟ್ಟಲು ಸ್ಟ್ರಾಬೆರಿ. ಬೇಸಗೆಯಲ್ಲಿ ಸ್ವೀಡಿಷರಿಗೆ ಇವೆರಡೂ ಪ್ರಿಯ. ಅಪರಾಹ್ನ 1923ರಲ್ಲಿ ಪೂರ್ಣಗೊಂಡ ನಗರಭವನವನ್ನು ನೋಡಿದರು. ನೊಬೆಲ್ ಔತಣ ನಡೆಯುವ ಅಲ್ಲಿನ ನೀಲಿ ಸಭಾಂಗಣದಲ್ಲಿ ನೀಲಿಯ ಸುಳಿವಿಲ್ಲ; ಬರಿಯ ಇಟ್ಟಿಗೆಯ ಚೆಲುವನ್ನು ಕಂಡು ಶಿಲ್ಪಿಯು ಬಣ್ಣದ ಯೋಚನೆಯನ್ನೇ ಕೈಬಿಟ್ಟನಂತೆ. ಅಧ್ಯಾಪಕರು ಗೋಡೆಯ ಇಟ್ಟಿಗೆಗಳನ್ನೇ ನೋಡುತ್ತಿದ್ದರು.

ರಾತ್ರಿ ಮಗಳು 'ಕ್ನೆಕೆಬ್ರೆಡ್' ಎಂಬ ಗಟ್ಟಿರೊಟ್ಟಿಯನ್ನು ಮುಂದಿಟ್ಟಳು. ರೈ ಧಾನ್ಯದ ಹಿಟ್ಟಿನದು. ಹಿಂದೆ ನಡುವೆ ತೂತಿಟ್ಟು ಬೇಯಿಸಿ, ಕೋಲಿಗೆ ಪೋಣಿಸಿ ಸೂರಿನಡಿ ತೂಗುಹಾಕಿ ತಿಂಗಳುಗಟ್ಟಲೆ ಇಡುತ್ತಿದ್ದರು. ಮುರಿದರೆ ಥೇಟು ನಮ್ಮ ಕಟಕ ಜೋಳದ ರೊಟ್ಟಿಯ ಸದ್ದು. ಶೇಂಗಾ ಚಟ್ನಿಪುಡಿ, ಮೊಸರುಗಳೊಡನೆ ಅದನ್ನುಣ್ಣುತ್ತ ಅಧ್ಯಾಪಕರು, ಅಲ್ಲಿಯವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳತೊಡಗಿದರು.

1978ರ ಮಾತು. ಅವರು ಆಗಿನ್ನೂ ಹೊಸಬರು, ನೌಕರಿ ಖಾಯಮಾಗಿರಲಿಲ್ಲ. ಕಲಿಸುತ್ತಿದ್ದ ಊರಿನ ಶಾಲೆಯ ಹಳೆಯ ಕೊಠಡಿಗಳ ಮೇಲೆ ಇನ್ನೊಂದು ಅಂತಸ್ತನ್ನು ಏರಿಸುತ್ತಿದ್ದರು. ದಾನಿಗಳು ಹಣ ಕೊಟ್ಟಿದ್ದರು; ಉದ್ಘಾಟನೆಯ ದಿನವೂ ಗೊತ್ತಾಗಿದ್ದಿತು. ಮುದುಕನಾದ ಗೌಂಡಿಯೊಬ್ಬನು ಒಂದು ಸಂಜೆ ಇವರನ್ನು ಕರೆದು, ಕೆಳಗಿನ ಮಣ್ಣಿನ ಗೋಡೆ ಈ ಭಾರವನ್ನು ತಾಳದು, ಲೆಕ್ಕದ ಮಾಸ್ತರರಾದ ನೀವಾದರೂ ದೊಡ್ಡವರಿಗೆ ಹೇಳಿರಿ ಎಂದನು. ಇವರು ಲೆಕ್ಕ ಹಾಕಿ ನೋಡಿದರು. ಗೌಂಡಿಯ ಮಾತು ನಿಜವಾಗಿದ್ದಿತು. ಹೇಳಲಿಲ್ಲ. ಎರಡನೆಯ ಮಳೆಗಾಲಕ್ಕೆ ಗೋಡೆ ಬಿರಿಯಿತು. ರಜೆಯ ದಿನವಾದುದರಿಂದ ಮಕ್ಕಳು ಉಳಿದರು, ಅಂತಸ್ತನ್ನು ಕೆಡವಿದರು. ಕಟ್ಟಿದವನದೇ ದೋಷವೆಂದು ಗೌಂಡಿಗೆ ಸಲ್ಲಬೇಕಾಗಿದ್ದ ಬಾಕಿ ಕೂಲಿಯನ್ನು ತಡೆಹಿಡಿದರು. ಆಗಲೂ ಇವರು ಬಾಯಿ ತೆರೆಯಲಿಲ್ಲ.

ಹತ್ತು ಗಂಟೆಯಾಗಿದ್ದಿತು. ಕಿಟಕಿಯಲ್ಲಿ ಇನ್ನೂ ಬಿಸಿಲು.

"ಆ ಗೌಂಡಿಯ ಮನೆಯವರು ಈಗ ಎಲ್ಲಿದ್ದಾರೆ?" ಎಂದು ಮಗಳು ಕೇಳಿದಳು.

"ಅದೇ ಊರಿನಲ್ಲಿ," ಎಂದರು ಅವರು. "ಬಾಕಿ ಎಷ್ಟೆಂಬುದೂ ನೆನಪಿದೆ."